ಮೊದಲ ಬಿಲ್ಲೆ ಯಾರಿಗೆ

ಹುಬ್ಬಳ್ಳಿ, ೩೦ ಫೆಬ್ರುವರಿ ೨೨೩೧

ಕಸ್ತೂರೆಜ್ಜಿಯವರಿಗೆ, ನಿಮ್ಮ ಏಳನೆಯ ತಲೆಮಾರಿನ ದಾಕ್ಷಾಯಣಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಪಾಪ, ಫೆಬ್ರುವರಿಗೊಂದೇ ಇಷ್ಟು ಕಡಿಮೆ ದಿನವೇ ಎಂದು ಮರುಗಿ, ನಮ್ಮ ಕಾಲದವರು ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ನನಗೆ ಅರವತ್ತನಾಲ್ಕು, ನಿಮಗಿನ್ನೂ ನಲವತ್ತು. ಆದರೂ ಅಜ್ಜಿ ಎನ್ನಲೇಬೇಕು, ಸಂಬಂಧ ಹಾಗಿದೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕಾಗದ ಹೇಗೆ ತಲುಪುತ್ತದೆಂದು ಮಾತ್ರ ಕೇಳಬೇಡಿ, ಅಂಚೆಯವರು ತಲುಪಿಸುತ್ತೇವೆ ಎಂದಿದ್ದಾರೆ.

ರವಿಕೆ ಹೊಲಿದು ಗಳಿಸಿದ ರೊಕ್ಕ ಎಷ್ಟು ಉಳಿದಿದೆಯೆಂದು ನೋಡಲು ಹೆದರಿ ನೀವು ಫೋನನ್ನು ಜೋಳದ ಡಬ್ಬಿಯೊಳಗೆ ಬಚ್ಚಿಡುತ್ತಿದ್ದಿರಂತೆ. ಆ ಕಥೆ ನಮ್ಮ ಮನೆಯಲ್ಲಿ ಇನ್ನೂ ಓಡಾಡುತ್ತಿದೆ, ನಾವು ನಗುತ್ತೇವೆ, ಆಮೇಲೆ ನಿಮ್ಮನ್ನು ನೆನೆದು ಮರುಗುತ್ತೇವೆ. ನಮ್ಮಲ್ಲಿ ಫೋನಿನ ರೊಕ್ಕ ನಿಂತುಹೋಗಿ ಬಹಳ ಕಾಲವಾಯಿತು. ಈಗಿರುವುದು ಬಿಲ್ಲೆ, ಹುಣಸೆಬೀಜದಷ್ಟು ದಪ್ಪ, ಕೈಯಿಂದ ಕೈಗೇ ಕೊಡಬೇಕು. ಕೊಡುವ ಮುನ್ನ ಒಂದು ಉಸಿರಿನಷ್ಟು ಹೊತ್ತು ಅಂಗೈಯಲ್ಲಿ ತಡೆಹಿಡಿದು, ಎದುರಿನವರು ನಮಗಾಗಿ ಪಟ್ಟ ಶ್ರಮವನ್ನು ಬಾಯಿಬಿಟ್ಟು ಹೇಳಬೇಕು. ಇದಕ್ಕೆ ಕೈತಡೆ ಎನ್ನುತ್ತೇವೆ. ಹಾಲಿನವನಿಗೆ "ಮಳ್ಯಾಗ ತೊಯ್ಸಿಕೊಂಡು ಬಂದೀಯಪ್ಪಾ" ಎಂದರೂ ಸಾಕು. ಇದರಿಂದ ನಾವೇನೂ ಸಾಹುಕಾರರಾಗಿಲ್ಲ, ನಮ್ಮ ಹಾಸಿಗೆಯೂ ಇದ್ದಷ್ಟೇ ಇದೆ. ಆದರೆ ಕೊಟ್ಟದ್ದೆಲ್ಲ ಕಳೆದುಹೋಯಿತು ಎಂಬ ನಿಮ್ಮ ಆ ಸಂಕಟ ನಮಗಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ.

ಹಾಗೆಂದು ನಮ್ಮನ್ನು ದೇವರಂಥವರು ಎಂದುಕೊಳ್ಳಬೇಡಿ. ನಿಮಗೆ ರೊಕ್ಕದ ಆಸೆ ಇದ್ದರೆ ನಮಗೆ ಹೊಗಳಿಕೆಯ ಆಸೆ. ಅದರಲ್ಲೂ ನನಗೆ ತುಸು ಜಾಸ್ತಿ.

ನನ್ನ ಮೊಮ್ಮಗಳು ನೇಸರ ಬೀದಿಚಪ್ಪರ ಹೊಲಿಯುವ ಕೆಲಸಕ್ಕೆ ಸೇರಿ ಒಂದು ತಿಂಗಳಾಯಿತು. ನಮ್ಮ ಬೀದಿಗಳಿಗೆಲ್ಲ ಬಿಸಿಲು ತಡೆಯಲು ಮೇಲೆ ಬಟ್ಟೆ ಬಿಗಿದಿರುತ್ತದೆ, ಹರಿದಲ್ಲಿ ಏಣಿ ಹತ್ತಿ ಹೊಲಿಯಬೇಕು. ಸೂಜಿ ಹಿಡಿಯುವ ಆ ಕೈ ನಿಮ್ಮದೇ, ಅಜ್ಜಿ. ಮೊದಲ ಗಳಿಕೆಯ ಮೊದಲ ಬಿಲ್ಲೆಯನ್ನು, ತನ್ನನ್ನು ಆ ಗಳಿಕೆಗೆ ಮುಟ್ಟಿಸಿದ ಒಬ್ಬರಿಗೆ ಓಣಿಯವರೆಲ್ಲರ ಮುಂದೆ ಕೊಡುವುದು ನಮ್ಮ ಪದ್ಧತಿ. ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ನಾನು. ಬಿಲ್ಲೆ ಇನ್ಯಾರಿಗೆ ಸಿಕ್ಕೀತು? ನಿನ್ನೆ ನನ್ನ ಮಿರ್ಚಿ ಅಂಗಡಿಯ ಮುಂದೆ ಇಳಕಲ್ ಸೀರೆ ಉಟ್ಟು, ಕೈ ತೊಳೆದು, ಅಂಗೈ ಒರೆಸಿಕೊಂಡು ನಿಂತೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಹುಡುಗಿ ನನ್ನನ್ನು ದಾಟಿ ಬೀದಿಯ ಆಚೆಗೆ, ಫಕ್ಕೀರವ್ವನ ಅಂಗಡಿಗೆ ಹೋದಳು. ಫಕ್ಕೀರವ್ವ ಎಂದರೆ ಮೂವತ್ತು ವರ್ಷದಿಂದ ನನ್ನೆದುರಿಗೇ ಮಿರ್ಚಿ ಕರಿಯುವವಳು, ನನ್ನ ಗಿರಾಕಿಗಳನ್ನು ಸೆಳೆಯುವವಳು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ನೇಸರ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಹೇಳಿದಳು: "ಫಕ್ಕೀರಜ್ಜಿ, ಮೊದಲ ವಾರ ಇದೇ ಓಣ್ಯಾಗ ನಾ ಏಣಿ ಮ್ಯಾಲೆ ಗಡಗಡ ನಡಗತಿದ್ದೆ. ಕೆಲಸಾನ ಬಿಡಾಕಿ ಇದ್ದೆ. ನೀವು ದಿನಾ ಬಂದು ಏಣಿ ಹಿಡಕೊಂಡು ನಿಂತ್ರಿ. ನಿಮ್ಮ ಮಿರ್ಚಿ ಹೊತ್ತಿದ್ರೂ ಕೈ ಬಿಡಲಿಲ್ಲ."

ಹೊತ್ತಿದ ಮಿರ್ಚಿ! ಅಜ್ಜಿ, ನಿಮ್ಮ ಮುಂದೆ ಸುಳ್ಳೇಕೆ? ಆ ವಾರವೆಲ್ಲ ಎದುರಿನಿಂದ ಕಮರು ವಾಸನೆ ಬರುತ್ತಿತ್ತು. ಫಕ್ಕೀರವ್ವನಿಗೆ ವಯಸ್ಸಾಯಿತು, ಕೈಗುಣ ಹೋಯಿತು ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಅವಳ ಗಿರಾಕಿಗಳು ನನ್ನ ಅಂಗಡಿಗೆ ಬಂದಾಗ ತಲೆ ಬಗ್ಗಿಸಿ ಕರಿದದ್ದೇ ಕರಿದದ್ದು. ಒಮ್ಮೆ ತಲೆ ಎತ್ತಿದ್ದರೆ ನನ್ನ ಮೊಮ್ಮಗಳು ನಡುಗುವುದು ಕಾಣುತ್ತಿತ್ತು.

ನಾಚಿಕೆಯಾಯಿತು. ಡಬ್ಬಿಯಿಂದ ಒಂದು ಬಿಲ್ಲೆ ತೆಗೆದುಕೊಂಡು, ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಬೀದಿ ದಾಟಿದೆ. ಕೈತಡೆಯೇನೋ ಹಿಡಿದೆ, ಬಾಯಿಂದ ಮಾತೇ ಹೊರಡಲಿಲ್ಲ. ಫಕ್ಕೀರವ್ವ ನನ್ನನ್ನು ನೋಡಿ, "ಮಾತು ಆಮ್ಯಾಲೆ ಆಡೀರಂತ, ಮೊದಲ ಒಂದು ಮಿರ್ಚಿ ತಿನ್ರಿ" ಎಂದಳು. ತಿಂದೆ. ಹಾಳಾದವಳ ಮಿರ್ಚಿ ನನ್ನದಕ್ಕಿಂತ ರುಚಿಯಾಗಿದೆ. ಅದನ್ನೇ ಜೋರಾಗಿ ಹೇಳಿ ಬಿಲ್ಲೆ ಕೊಟ್ಟೆ. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಇಷ್ಟು ಹಗುರಾಗಿ ನಾನು ಯಾವತ್ತೂ ರೊಕ್ಕ ಕೊಟ್ಟಿರಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ಆ ಫೋನನ್ನು ಜೋಳದ ಡಬ್ಬಿಯಿಂದ ಹೊರಗೆ ತೆಗೆಯಿರಿ. ನಾಳೆ ಕಾಯಿಪಲ್ಲೆಯವಳಿಗೆ ರೊಕ್ಕ ಕಳಿಸುವ ಮುನ್ನ ಬೆರಳನ್ನು ಒಂದು ಉಸಿರು ತಡೆದು ಅವಳ ಮುಖ ನೋಡಿ, ತಿಳಿದದ್ದನ್ನು ಹೇಳಿ. ನನ್ನ ಹಾಗೆ, ನನಗ್ಯಾರು ಹೇಳುತ್ತಾರೆ ಎಂದು ಅಂಗೈ ಚಾಚಿ ಕಾಯಬೇಡಿ.

ಇನ್ನೂ ಬರೆಯುತ್ತಿದ್ದೆ. ಆದರೆ ನೇಸರ ಏಣಿ ತಂದು ನಿಲ್ಲಿಸಿದ್ದಾಳೆ, ಇವತ್ತು ಹಿಡಿಯುವ ಸರದಿ ನನ್ನದು. ಬಾಣಲೆಯಲ್ಲಿ ಮಿರ್ಚಿ ಬಿಟ್ಟಿದ್ದೇನೆ. ಹೊತ್ತಿದರೆ ಹೊತ್ತಲಿ.

ನಿಮ್ಮ,
ದಾಕ್ಷಾಯಣಿ