ಮೇಘಾಳ ಉಡಿಗೆ ಸ್ಟ್ರಾಬೆರಿ

ಬಳ್ಳಾರಿ
೨ ಫೆಬ್ರವರಿ ೨೦೨೫

ಪ್ರೀತಿಯ ತಂಗಿ ಈರಮ್ಮಗೆ,

ನಿನ್ನ ಅಕ್ಕ ಸಾವಂತ್ರಮ್ಮ ಬರೆಯುವುದು. ಇಲ್ಲಿ ನಾನು, ಮೇಘಾ ಇಬ್ಬರೂ ಆರಾಮ ಇದ್ದೇವೆ. ನೀವು ಆರಾಮ ಇರುವುದು ನಿಮ್ಮ ಮನೆಯವರ ಸ್ಟೇಟಸ್ ನೋಡಿದರೇ ಗೊತ್ತಾಗುತ್ತದೆ, ಅಂಜಿನಪ್ಪನವರು ಮದುವೆ ಕಾರ್ಡನ್ನು ದಿನಾ ಹಾಕುತ್ತಿದ್ದಾರೆ. ಸಂಕ್ರಾಂತಿ ಆದ ಕೂಡಲೇ ಬರೆಯಬೇಕಿತ್ತು, ತಡವಾಯಿತು, ಬೈಯಬೇಡ. ಫೋನ್ ಮಾಡಬಹುದಿತ್ತಲ್ಲ ಅಂತಲೂ ಕೇಳಬೇಡ. ಫೋನ್ ಮಾಡಿದರೆ ಅವರು ಸ್ಪೀಕರ್ ಹಾಕುತ್ತಾರೆ, ನಾನು ಆಡಿದ್ದೆಲ್ಲ ನಿಮ್ಮೂರು ಕರೂರಿನಲ್ಲಿ ಬಸ್ಸಿಗೆ ನಿಂತವರಿಗೂ ತಿಳಿದಿರುತ್ತದೆ.

ಮೊದಲು ಮದುವೆ ಮಾತು. ಕುರುಗೋಡಿನ ಬೀಗರು ಮೊನ್ನೆ ಬಂದಿದ್ದರು. ಮಾರೇಶ್ ಒಳ್ಳೆಯ ಹುಡುಗ, ಮಾತು ಕಮ್ಮಿ, ಅವನ ಪಾಲಿನದನ್ನೂ ನಮ್ಮ ಮೇಘಾನೇ ಆಡುತ್ತಾಳೆ. ಧಾರೆಗೆ ಯಾರು ಕೂಡುತ್ತಾರೆ ಎಂದು ಅವನ ತಾಯಿ ಇನ್ನೊಂದು ಸಲ ಕೇಳಿದರು. ಮದುವೆ ಗೊತ್ತಾದ ದಿನ ಹಿರಿಯರ ಮುಂದೆ ಆದ ಮಾತನ್ನೇ ಹೇಳಿದೆ. ನೀನೂ ಅಂಜಿನಪ್ಪನವರೂ ಕೂಡುತ್ತೀರಿ, ಉಡಿಯನ್ನೂ ನೀನೇ ತುಂಬುತ್ತೀ ಎಂದೆ. ಹೆತ್ತವಳು ನೀನು. ಹಾಲು ಬಿಡಿಸಿ ನನ್ನ ಕೈಗಿಟ್ಟ ಮೇಲೆ ಸಾಕಿದವಳು ನಾನು. ಆದರೆ ಗಂಡ ಇಲ್ಲದವಳು ಧಾರೆಗೆ ಕೂಡುವ ಪದ್ಧತಿ ನಮ್ಮಲ್ಲಿಲ್ಲ, ಉಡಿ ತುಂಬುವುದೂ ಮುತ್ತೈದೆಯರ ಕೆಲಸ. ನಿಮ್ಮ ಭಾವ ಯರ್ರಿಸ್ವಾಮಿ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಮೇಘಾಗೆ ಇದು ಮೊದಲಿನಿಂದಲೂ ಒಪ್ಪಿಗೆಯಿಲ್ಲ. ಬೀಗರು ಅತ್ತ ಹೋದದ್ದೇ ತಡ, ನನ್ನ ಮೇಲೆ ಹಾರಿದಳು. "ಅವ್ವಾ, ನೀ ಕೂಡದಿದ್ರ ನಾನೂ ಹಸಿಮಣಿ ಮ್ಯಾಲ ಕೂಡಂಗಿಲ್ಲ. ಯಾರು ಬ್ಯಾಡ ಅಂತಾರ ಅವ್ರನ್ನ ನನ್ ಮುಂದ ಕರಸು" ಅಂದಳು. "ಸುಮ್ನಿರಲೇ ಹುಚ್ಚಿ, ನಿನ್ನ ಸಣ್ಣವ್ವ ಏನ್ ಹೊರಗಿನಾಕಿ ಏನು?" ಎಂದು ಗದರಿಸಿ ಒಪ್ಪಿಸಿದೆ. ಅತ್ತಳು. ಆಮೇಲೆ ಮಂಡಕ್ಕಿ ಮಿರ್ಚಿ ತರಿಸಿ ಇಬ್ಬರೂ ತಿಂದೆವು.

ಇನ್ನು ಮಾಳಿಗೆಯ ಸುದ್ದಿ. ನಿನಗೆ ಗೊತ್ತಲ್ಲ, ಅವಳಿಗೆ ಸ್ಟ್ರಾಬೆರಿ ಎಂದರೆ ಪ್ರಾಣ. ತುಂಬುವ ಕೈ ನನ್ನದಲ್ಲದಿದ್ದರೆ ಹೋಗಲಿ, ಉಡಿಯೊಳಗಿನ ಹಣ್ಣಾದರೂ ನಾನು ಬೆಳೆದದ್ದಿರಲಿ ಎಂದು ಆಸೆಯಾಯಿತು. ಅದಕ್ಕೇ ದಸರೆ ಮುಗಿದ ಮೇಲೆ ನರ್ಸರಿಯಿಂದ ಸಸಿ ತಂದು ಕುಂಡಗಳಲ್ಲಿ ಹಚ್ಚಿದ್ದು. ಪಕ್ಕದ ಮನೆಯ ಶಿವಬಸಮ್ಮ ನೋಡಿ ಬಿದ್ದು ಬಿದ್ದು ನಕ್ಕಳು. "ಏನ್ರೀ ಸಾವಂತ್ರಮ್ಮ, ಬಳ್ಳಾರಿ ಬಿಸಲಾಗ ಮನುಷ್ಯಾರ ಬಾಡ್ತಾರ, ಇದು ಬದುಕ್ತೈತೇನ್ರೀ?" ಎಂದಳು. ಬದುಕಿತು, ಚೆನ್ನಾಗಿಯೇ ಬದುಕಿತು. ಕೆಡಿಸಿದ್ದು ಬಿಸಿಲಲ್ಲ, ನಿನ್ನ ಗಂಡ!

ದೀಪಾವಳಿಗೆ ಬಂದಾಗ ಅವರು ಮಾಡಿದ ಘನಕಾರ್ಯವನ್ನು ನಿನಗೆ ಹೇಳಿರಲಿಕ್ಕಿಲ್ಲ. ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ಅಷ್ಟರಲ್ಲಿ ಮಾಳಿಗೆ ಹತ್ತಿ, ಕುಂಡದ ತಳದ ತೂತುಗಳಿಗೆಲ್ಲ ಕೆಸರು ಮೆತ್ತಿ, ಭತ್ತದ ಗದ್ದೆಗೆ ನಿಲ್ಲಿಸಿದ ಹಾಗೆ ಅಂಚಿನ ತನಕ ನೀರು ನಿಲ್ಲಿಸಿದ್ದಾರೆ. "ಅಯ್ಯೋ, ಏನ್ ಮಾಡಿದ್ರೀ ಇದು?" ಎಂದು ನಾನು ಬಾಯಿ ಬಡಿದುಕೊಂಡರೆ, "ತಳದಾಗೆಲ್ಲಾ ತೂತು ಬಿದ್ದಾವಕ್ಕಾ, ನೀರೆಲ್ಲಾ ಸೋರಿ ಹೊಕ್ಕಾವು. ನೀರು ನಿಲ್ಲದಿದ್ರ ಬೆಳಿ ಹೆಂಗ ಬರ್ತೈತಿ?" ಎಂದು ನನಗೇ ಪಾಠ ಹೇಳಿದರು. ಕಾಲುವೆ ನೀರು ಕಂಡ ಮನುಷ್ಯ, ಏನು ಮಾಡುವುದು! ಬೇರು ಕೊಳೆತು ಅರ್ಧಕ್ಕರ್ಧ ಸಸಿ ಹೋದವು. ಸಿಟ್ಟು ನೆತ್ತಿಗೇರಿತ್ತು, ಹಬ್ಬದ ದಿನ ಎಂದು ನುಂಗಿಕೊಂಡೆ.

ಉಳಿದವನ್ನು ಹೊಸ ಮಣ್ಣಿಗೆ ಮರಳು ಬೆರೆಸಿ ಬೇರೆ ಕುಂಡಗಳಲ್ಲಿ ಹಚ್ಚಿದೆ. ಸಸಿಯ ನಡುವಿನ ಸುಳಿ ಮಣ್ಣಲ್ಲಿ ಹೂತುಹೋಗಬಾರದು, ಹೂತರೆ ಅದೂ ಕೊಳೆಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಸಿರು ಪರದೆ ಕಟ್ಟಿದೆ. ಹಣ್ಣು ಹಸಿಮಣ್ಣಿಗೆ ತಾಗದಂತೆ ಕೆಳಗೆ ಭತ್ತದ ಹುಲ್ಲು ಹಾಸಿದೆ. ಆ ಹುಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಕಳಿಸಿದವರೂ ನಿಮ್ಮ ಮನೆಯವರೇ, ಅಷ್ಟು ಪುಣ್ಯ ಅವರಿಗಿರಲಿ. ಈಗ ಹಣ್ಣು ಕೆಂಪಾಗುತ್ತಿವೆ. ಪೇಟೆಯದರಷ್ಟು ದಪ್ಪ ಇಲ್ಲ, ಬಾರೆಹಣ್ಣಿನಷ್ಟಿವೆ. ಅಳಿಲು ಕಚ್ಚದೆ ಬಿಟ್ಟ ಮೊದಲನೆಯದನ್ನು ಮೇಘಾ ತಿಂದು ಒಂದು ಕಣ್ಣು ಮುಚ್ಚಿದಳು. "ಹುಳಿ ಐತವ್ವಾ. ಆದ್ರ ಭಾಳ ಚಲೋ ಐತಿ" ಅಂದಳು. ಅವಳು ಹಾಗೆಂದದ್ದಕ್ಕೆ ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತು ಶಿವಬಸಮ್ಮನಿಗೂ ಒಂದು ಹಣ್ಣು ಕೊಟ್ಟೆ.

ಮದುವೆಯ ದಿನ ಬೆಳಿಗ್ಗೆ ಕಿತ್ತು, ಸ್ಟೀಲ್ ಡಬ್ಬಿಯಲ್ಲಿ ಹುಲ್ಲಿನ ಮೇಲೆ ಇಟ್ಟುಕೊಂಡು ಕುರುಗೋಡಿಗೆ ತರುತ್ತೇನೆ. ಕಲ್ಯಾಣಮಂಟಪದಲ್ಲಿ ನಿನ್ನ ಕೈಗೆ ಕೊಡುತ್ತೇನೆ. ಉಡಿಗೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನಕೊಂಬು ಎಲ್ಲ ಹಾಕಿದ ಮೇಲೆ ಕಡೆಗೆ ಇವನ್ನು ಹಾಕು. ಕಾಯಿಯ ಅಡಿ ಸಿಕ್ಕರೆ ಜಜ್ಜಿಹೋಗುತ್ತವೆ. ಮುಂಚೆ ತೊಳೆಯಬೇಡ, ನೀರು ತಾಗಿದರೆ ಬೇಗ ಮೆತ್ತಗಾಗುತ್ತವೆ.

ನೀನು ಉಪ್ಪು ಖಾರ ಕಮ್ಮಿ ಮಾಡು, ಬಿಪಿ ಮಾತ್ರೆ ಬಿಡಬೇಡ. ಧಾರೆಯ ದಿನ ಉಪವಾಸ ಕೂಡಬೇಕು, ತಲೆ ತಿರುಗೀತು. ದೇವರು ನಿನ್ನ ಸಂಸಾರವನ್ನು ತಣ್ಣಗಿಡಲಿ, ನಮ್ಮ ಮಗಳ ಬಾಳು ಹಸನಾಗಲಿ.

ನಿನ್ನ ಅಕ್ಕ,
ಸಾವಂತ್ರಮ್ಮ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕವರಿಗೆ ಅಂಟು ಹಚ್ಚಲು ಹೋದರೆ ಕೈ ಬರಲಿಲ್ಲ. ಮದುವೆ ಗೊತ್ತಾದ ದಿನ ಹಿರಿಯರ ಮುಂದೆ "ಧಾರೀಗೆ ನೀವಿಬ್ರೂ ಕೂಡ್ರಿ" ಎಂದು ಮೊದಲು ಹೇಳಿದವಳು ನಾನೇ, ನಿಜ. ಹೇಳಿ ನಿನ್ನ ಮುಖ ನೋಡಿದೆ. "ಇಲ್ಲಕ್ಕಾ, ಬೆಳಸಿದಾಕಿ ನೀನು, ನೀನ ಕೂಡು" ಎಂದು ಯಾರೂ ಅನ್ನದಿದ್ದರೂ ನೀನು ಅಂತೀ ಎಂದು ಕಾದೆ. ನೀನು ಅಂದಿದ್ದರೂ ನಾನು ಕೂಡುತ್ತಿರಲಿಲ್ಲ ಈರಮ್ಮ. ಆದರೆ ಒಂದು ಸಲ ಅನ್ನಬೇಕಿತ್ತು. ನೀನು, "ಹಂಗಾರ ನಾ ಯಾವ ಬಣ್ಣದ ಸೀರಿ ಉಡ್ಲಿ ಅಕ್ಕಾ?" ಎಂದು ಕೇಳಿದೆ.