ಮತ್ತು ಇತರರು

ಮಿಂಗೋ ದ್ವೀಪ
ನವೆಂಬರ್ 9, 1986, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ರೂಫಸ್,

ಹೇಗಿದ್ದೀಯಪ್ಪಾ? ಆ ದವಡೆ ಹಲ್ಲು ಕೀಳಿಸಿಕೊಂಡೆಯೋ, ಇಲ್ಲ ಇನ್ನೂ ಲವಂಗ ಕಚ್ಚಿಕೊಂಡೇ ಹಡಗಿನವರಿಗೆಲ್ಲ ಬೇಯಿಸಿ ಹಾಕುತ್ತಿದ್ದೀಯೋ? ನೀನು ಹಲ್ಲಿನ ಡಾಕ್ಟರಿಗೆ ಹೆದರುವಷ್ಟು ಬಿರುಗಾಳಿಗೂ ಹೆದರುವವನಲ್ಲ, ನನಗೆ ಗೊತ್ತು. ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಸಿಂಡಾ ಅತ್ತೆಯ ಕಣ್ಣು ಪೂರ್ತಿ ಮಂಜಾಗಿದೆ, ಆದರೆ ಬುಟ್ಟಿ ಹೆಣೆಯುವುದನ್ನು ಬಿಟ್ಟಿಲ್ಲ. ಬೆರಳಿಗೇ ಕಣ್ಣಿದೆ ಅನ್ನುತ್ತಾಳೆ. ಬೆಂಡೆ ಮುಗಿಯಿತು, ಸಿಹಿಗೆಣಸು ಅಗೆದಾಯಿತು, ಸಿಂಪಿ ಈ ಸಲ ದಪ್ಪಗಿವೆ. ಈ ಕಾಗದವನ್ನು ನಾನು ಇಲ್ಲಿಯ ಅಂಚೆಯಲ್ಲಿ ಹಾಕುವುದಿಲ್ಲ, ಸೇತುವೆ ದಾಟಿ ಹೇಲ್ಸ್‌ಫೋರ್ಡಿಗೆ ಹೋಗಿ ಹಾಕುತ್ತೇನೆ. ನಮ್ಮ ಅಂಚೆಯಮ್ಮನ ಮಗನಿಗೆ ಹೋದ ತಿಂಗಳಿಂದ ಆ ಗಾಲ್ಫ್ ಮೈದಾನದವರ ಬಳಿ ಕೆಲಸವಾಗಿದೆ. ಅವಳು ಲಕೋಟೆ ಬಿಚ್ಚುತ್ತಾಳೆಂದು ನಾನು ಹೇಳುತ್ತಿಲ್ಲ. ಬಿಚ್ಚುವುದಿಲ್ಲವೆಂದೂ ಹೇಳಲಾರೆ.

ಜಮೀನಿನ ತೆರಿಗೆ ಚೀಟಿ ಈ ವರ್ಷ ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಪ್ರತಿ ಅಕ್ಟೋಬರಿನ ಮೊದಲಲ್ಲೇ ಅದು ನನ್ನ ಹೆಸರಿಗೇ ಬರುತ್ತಿತ್ತು. ಮೇಲೆ ಅಜ್ಜನ ಹೆಸರು ಹಾಕಿ ‘ಏಮಸ್ ಮಝೀಕ್ ವಾರಸುದಾರರು’ ಎಂದೂ ಅದರ ಕೆಳಗೆ ನನ್ನ ವಿಳಾಸವೂ ಇರುತ್ತಿದ್ದವು. ಅತ್ತೆ, ಚಿಕ್ಕಪ್ಪನ ಮಗ ಎಜ್ರಾ, ನೀನು, ನಾನು, ನಾಲ್ವರೂ ಕೂಡಿಸಿ ಜನವರಿಯೊಳಗೆ ಕಟ್ಟಿಬಿಡುತ್ತಿದ್ದೆವು. ಅಜ್ಜ ಉಯಿಲು ಬರೆಯದೆ ಹೋದವರಾದ್ದರಿಂದ ಯಾವ ತುಂಡು ಯಾರದೆಂದು ಗುರುತಿಲ್ಲ, ಇಡೀ ನೆಲ ಎಲ್ಲರದೂ. ಈ ಸಲ ಅಕ್ಟೋಬರಿನ ಮೊದಲ ವಾರ ಕಳೆದರೂ ಚೀಟಿ ಇಲ್ಲ. ಅಂಚೆಯಮ್ಮನನ್ನು ಕೇಳಿದರೆ, “ಬಂದಿದ್ರೆ ನಾನೇನು ಉಪ್ಪಿನಕಾಯಿ ಹಾಕ್ತಿದ್ನಾ?” ಎಂದಳು. ನನ್ನ ಮುಖ ನೋಡದೆ ಹೇಳಿದಳು. ಅದೇ ವಾರ ಎಜ್ರಾ ಒಂದು ನೀಲಿ ಟ್ರಕ್ ಓಡಿಸಿಕೊಂಡು ಅಂಗಳಕ್ಕೆ ಬಂದ. ಹಳೆಯದೇ, ಆದರೂ ಟ್ರಕ್. ಹೋದ ಚಳಿಗಾಲದಲ್ಲಿ ದೋಣಿಗೆ ಬಣ್ಣ ಕೊಳ್ಳಲು ಪರದಾಡಿದವನು ಈಗ ಶಿಳ್ಳೆ ಹಾಕಿಕೊಂಡು ಇಳಿಯುತ್ತಾನೆ. ಎಲ್ಲಿಂದ ಬಂತೋ ಅಂದರೆ “ದೇವ್ರು ಕೊಟ್ಟ ಅಕ್ಕಾ” ಎಂದ. ದೇವರು ಯಾರಿಗೂ ಟ್ರಕ್ ಕೊಟ್ಟದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಹೇಲ್ಸ್‌ಫೋರ್ಡಿಗೆ, ತೆರಿಗೆ ಕಟ್ಟುವ ಕೌಂಟಿ ಕಚೇರಿಗೆ ಹೊರಟೆ. ನಿನಗೆ ಆ ಕಟ್ಟಡ ನೆನಪಿರಬೇಕು, ಬಿಳಿ ಕಂಬಗಳದ್ದು. ಅಪ್ಪ ಒಳಗೆ ಹೋಗುವಾಗ ಟೋಪಿ ತೆಗೆದು ಎದೆಗೆ ಒತ್ತಿಕೊಳ್ಳುತ್ತಿದ್ದರಲ್ಲ, ಅದೇ. ನಾನು ಟೋಪಿ ಹಾಕಿಕೊಂಡೇ ಹೋದೆ. ಒಳಗೆ ಮೂರು ಕಿಟಕಿ. ನೆಲಕ್ಕೆ ಬೆಲೆ ಕಟ್ಟುವವರೊಬ್ಬರು, ಆ ಬೆಲೆ ನೋಡಿ ಚೀಟಿ ಬರೆಯುವವರು ಇನ್ನೊಬ್ಬರು, ದುಡ್ಡು ಈಸಿಕೊಳ್ಳುವವರು ಮತ್ತೊಬ್ಬರು. ಯಾರನ್ನು ಕೇಳಿದರೂ ಪಕ್ಕದ ಕಿಟಕಿ ತೋರಿಸುತ್ತಾರೆ. ಬೆಲೆ ಕಟ್ಟುವ ಕಿಟಕಿಯಲ್ಲಿ ಈಗ ನಮ್ಮವಳೇ ಒಬ್ಬ ಕಪ್ಪು ಹುಡುಗಿ ಕೂರುತ್ತಾಳೆ, ಮಿಸ್ ಪ್ರೇಲೋ ಎಂದು. ನಮ್ಮವಳನ್ನು ಅಲ್ಲಿ ಕಂಡು ಹೆಮ್ಮೆಯಾಗಬೇಕಿತ್ತು. ನನಗೆ ಮೊದಲು ಹೊಳೆದದ್ದು, ಇವಳನ್ನು ಯಾರು ಕೂರಿಸಿದರು, ಯಾಕೆ ಕೂರಿಸಿದರು ಎಂದು.

ಅಜ್ಜನ ಹೆಸರು ಹೇಳಿದೆ. ಅವಳು ಕಾರ್ಡುಗಳ ಪೆಟ್ಟಿಗೆಯಲ್ಲಿ ಹಿಂದೆ ಮುಂದೆ ತಡಕಿ, “ಆ ಹೆಸರಲ್ಲಿ ಏನೂ ಇಲ್ವಲ್ಲ ಮೇಡಂ” ಎಂದಳು. “ಇಲ್ಲ ಅಂದ್ರೆ ಏನು ತಾಯಿ? ಇವತ್ತು ಬೆಳಿಗ್ಗೆ ಅದೇ ನೆಲದಲ್ಲಿ ನಿಂತು ಕೋಳಿಗೆ ಕಾಳು ಹಾಕಿ ಬಂದಿದೀನಿ” ಎಂದೆ. ಅವಳು ನಗಲಿಲ್ಲ. “ಕಾರ್ಡಿನಲ್ಲಿ ಇಲ್ಲ ಅಂದೆ. ಹೆಸರು ಬದಲಾಗಿದ್ರೆ ಹೆಸರಿಂದ ಹುಡುಕೋಕಾಗಲ್ಲ, ನೆಲದಿಂದಾನೇ ಹುಡುಕ್ಬೇಕು” ಎಂದು ಒಂದು ದೊಡ್ಡ ನಕ್ಷೆ ಹರವಿದಳು. ಆಕಾಶದಿಂದ ತೆಗೆದ ಚಿತ್ರ, ಮೇಲೆ ಬಿಳಿ ಗೆರೆ. ರೂಫಸ್, ಅಷ್ಟು ಎತ್ತರದಿಂದ ನಮ್ಮ ಮನೆ ಒಂದು ಉಗುರಿನಷ್ಟೂ ಇಲ್ಲ. ತೊರೆ ತಿರುಗುವ ಜಾಗ ಹಿಡಿದು, ನಮ್ಮವರನ್ನು ಮಣ್ಣು ಮಾಡಿದ ಓಕ್ ಮರಗಳ ಕಪ್ಪು ಗುಂಪು ಹಿಡಿದು ಬೆರಳಿಟ್ಟೆ. ಅಲ್ಲೊಂದು ಸಂಖ್ಯೆ ಇತ್ತು. ಪ್ರತಿ ತುಂಡು ನೆಲಕ್ಕೂ ಒಂದು ಸಂಖ್ಯೆ. ಮಾಲೀಕ ಸತ್ತರೂ, ಮಾರಿದರೂ, ಹೆಸರು ತಿದ್ದಿದರೂ ಅದು ಮಾತ್ರ ಅದೇ ಇರುತ್ತದಂತೆ. ಆ ಸಂಖ್ಯೆ ಹಿಡಿದು ಅವಳು ನಮ್ಮ ಕಾರ್ಡು ತೆಗೆದಳು.

ಮೇಲಿನ ಸಾಲಿನಲ್ಲಿ ಹೀಗಿತ್ತು: ‘ಹ್ಯಾರೋ ಪಾಯಿಂಟ್ ಲ್ಯಾಂಡ್ ಕಂಪನಿ ಮತ್ತು ಇತರರು.’ ಆ ಗಾಲ್ಫ್ ಮೈದಾನದವರೇ. ಎರಡು ಸಲ ಓದಿದೆ. “ಇತರರು ಅಂದ್ರೆ ಯಾರು?” ಎಂದೆ. “ನೀವೇ ಇರ್ಬೇಕು ಮೇಡಂ” ಎಂದಳು. ಅಜ್ಜ ನದಿಯ ತಳದಿಂದ ಗೊಬ್ಬರ ಮಾಡುವ ಕಲ್ಲು ಅಗೆದು, ಸೊಂಟ ಬಿದ್ದು ಹೋಗುವ ತನಕ ದುಡಿದು ಕೊಂಡ ನೆಲ. ಅದರಲ್ಲಿ ನಾವು ಇತರರು. ಹೆಸರಿನ ಕೆಳಗೆ ವಿಳಾಸವೂ ಬೇರೆ, ಯಾವುದೋ ಪಟ್ಟಣದ ಆಫೀಸಿನದು. ಚೀಟಿ ಅಲ್ಲಿಗೆ ಹೋಗಿದೆ, ನಮಗೆಲ್ಲಿ ಬರಬೇಕು! ಬೇಸಾಯದ ನೆಲವೆಂದು ಇದ್ದದ್ದನ್ನು ಹೊಡೆದು ಮನೆ ಕಟ್ಟುವ ಜಾಗವೆಂದು ಬರೆದಿದ್ದರು, ಅದರಿಂದ ಬೆಲೆಯೂ ಏರಿತ್ತು, ತೆರಿಗೆಯೂ ಏರಿತ್ತು. ದುಡ್ಡು ಈಸಿಕೊಳ್ಳುವ ಕಿಟಕಿಗೆ ಹೋಗಿ ಎಷ್ಟಾದರೂ ಆಗಲಿ ಕಟ್ಟುತ್ತೇನೆ ಅಂದರೆ ಅವನು, “ಇದರದ್ದು ಕಟ್ಟಿ ಆಗಿದೆಯಲ್ಲ ಅಮ್ಮಾ, ಹೋಗಿ ಹಬ್ಬ ಮಾಡಿ” ಎಂದ. ಬೇರೆಯವರು ನಮ್ಮ ತೆರಿಗೆ ಕಟ್ಟುತ್ತಿದ್ದಾರೆಂದರೆ ಅವರು ನಮ್ಮ ಮನೆಯೊಳಗೆ ಆಗಲೇ ಬಂದು ಕೂತಿದ್ದಾರೆ ಎಂದು ಅರ್ಥ.

ಮಿಸ್ ಪ್ರೇಲೋ ನನ್ನನ್ನು ಕರೆದು ದನಿ ತಗ್ಗಿಸಿದಳು. “ಕಂಪನಿ ಸುಮ್ಮನೆ ಬಂದಿರಲ್ಲ. ನಿಮ್ಮಲ್ಲೇ ಯಾರೋ ತಮ್ಮ ಪಾಲು ಮಾರಿದಾರೆ. ಇಲ್ಲಿ ಮೂಲೇಲಿ ಪುಸ್ತಕದ ನಂಬರು, ಪುಟದ ನಂಬರು ಇದೆ ನೋಡಿ. ಎದುರಿನ ಕೋಣೇಲಿ ಕ್ರಯಪತ್ರದ ಪುಸ್ತಕ ಕೇಳಿ, ಯಾರು ಅಂತ ಗೊತ್ತಾಗುತ್ತೆ” ಎಂದು ಚೂರು ಕಾಗದದಲ್ಲಿ ಬರೆದುಕೊಟ್ಟಳು. ಇಷ್ಟು ಸಹಾಯ ಯಾಕೆ ಮಾಡುತ್ತಿದ್ದಾಳೆ ಎಂದು ಆಗಲೂ ನನಗೆ ಅನುಮಾನವೇ. ಎದುರಿನ ಕೋಣೆ ಆ ದಿನ ಬೇಗ ಮುಚ್ಚಿತ್ತು. ಕಡೆಯ ಬಸ್ಸು ಹಿಡಿದು ಬಂದೆ.

ಬಸ್ಸಿನಲ್ಲಿ ಕೂತು ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ನಿಲ್ಲಿಸಿ ವಿಚಾರಿಸಿದೆ. ನನ್ನನ್ನೂ ಬಿಡಲಿಲ್ಲ, ಹೋದ ವರ್ಷ ಆಸ್ಪತ್ರೆಯಲ್ಲಿ ಓದದೆ ಏನೇನೋ ಕಾಗದಕ್ಕೆ ರುಜು ಹಾಕಿದ್ದೆನಲ್ಲ, ಅದರಲ್ಲಿ ಇದೂ ಸೇರಿತ್ತೇನೋ ಎಂದು. ಮನೆಗೆ ಹೋಗದೆ ನೇರ ದಕ್ಕೆಗೆ ಹೋದೆ. ಎಜ್ರಾ ಒಂದಕ್ಕೊಂದು ಅಂಟಿದ ಸಿಂಪಿಗಳನ್ನು ಸುತ್ತಿಗೆಯಿಂದ ಬಿಡಿಸುತ್ತಿದ್ದ. “ಎಷ್ಟಕ್ಕೆ ಮಾರಿದೆಯೋ ಅಜ್ಜನ್ನ?” ಎಂದೆ. ಅವನ ಕೈಯ ಸುತ್ತಿಗೆ ನಿಂತುಬಿಟ್ಟಿತು. “ಯಾರನ್ನ ಮಾರೋದು? ತಲೆ ಕೆಟ್ಟಿದ್ಯಾ ಅಕ್ಕಾ ನಿಂಗೆ?” “ಟ್ರಕ್ ಎಲ್ಲಿಂದ ಬಂತು ಹೇಳು ಮತ್ತೆ.” ಅವನು ಸುತ್ತಿಗೆ ಕೆಳಗಿಟ್ಟ. ಆಮೇಲೆ, “ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸ್ತೀನಿ, ಬೆಳಗಾಗೋಕ್ ಮುಂಚೆ. ಟ್ರಕ್ಕು ಅವರ್ದೇ ಹಳೇದು, ಸಂಬಳದಲ್ಲಿ ಹಿಡ್ಕೋತಾರೆ. ನಿಂಗೆ ಹೇಳಿದ್ರೆ ನನ್ನ ಜೊತೆ ಮಾತೇ ಬಿಡ್ತಿದ್ದೆ. ಅದ್ಕೇ ಹೇಳ್ಲಿಲ್ಲ” ಎಂದ. ಅವನ ಕಣ್ಣಿನಲ್ಲಿ ನೀರಿತ್ತು ರೂಫಸ್. ಆದರೂ ನಾನು ಅವನನ್ನು ಪೂರ್ತಿ ನಂಬಲಿಲ್ಲ. ಅದು ಈಗ ನನ್ನ ಮನಸ್ಸಿಗೆ ಚುಚ್ಚುತ್ತದೆ.

ಅತ್ತೆಯ ಹತ್ತಿರ ಕೇಳುವುದು ಇನ್ನೂ ಕಷ್ಟ. ಕಂಪನಿಯ ಪರವಾಗಿ ನೆಲ ಕೇಳಿಕೊಂಡು ತಿರುಗುವ ಲಾಸಿಟರ್ ಎಂಬವನು ಈಸ್ಟರಿಗೆ ಅವಳ ಬಾಗಿಲಿಗೆ ಬಂದು ಇಡೀ ಹಂದಿ ತೊಡೆ ಕೊಟ್ಟು ಹೋಗಿದ್ದು ಊರಿಗೇ ಗೊತ್ತು. ಕಣ್ಣು ಕಾಣದ ಮುದುಕಿ, ಗೀಟು ಎಳೆದು ರುಜು ಮಾಡುವವಳು, ಯಾವ ಕಾಗದವನ್ನು ಮುಂದಿಟ್ಟರೂ ಆದೀತು. ಮೆತ್ತಗೆ ಮಾತು ತೆಗೆದೆ. ಅವಳು ಬುಟ್ಟಿ ಕೆಳಗಿಟ್ಟು, “ನನ್ನೇ ಕಳ್ಳಿ ಅಂತ ತಿಳಕಂಡ್ಯಾ? ಅವನು ತಂದ ಹಂದಿ ತೊಡೆ ಈಸ್ಕಂಡೆ ಕಣವ್ವ, ಪೆನ್ನು ಈಸ್ಕಳ್ಲಿಲ್ಲ. ಅವನು ಹೊರಗೆ ನಿಂತು ಮಾತಾಡ್ದ, ನಾನು ಒಳಗೆ ಕೂತು ತಿಂದೆ” ಎಂದಳು. ನಗು ಬಂತು, ಅಳುವೂ ಬಂತು. ಅವಳು ನನ್ನ ಮುಖ ತಡವಿ, “ಎಲ್ಲರ ಬಾಯೂ ಮೂಸಿ ನೋಡ್ಕಂಡು ತಿರುಗ್ತಾ ಇದೀಯಲ್ಲ ಮಗಳೇ, ಇದು ನಿನ್ನ ಬುದ್ಧಿ ಅಲ್ಲ” ಎಂದಳು.

ಅಷ್ಟರಲ್ಲಿ ನೋಟೀಸು ಬಂತು. ಅತ್ತೆಗೊಂದು, ಎಜ್ರಾಗೊಂದು, ನನಗೊಂದು. ನಿನ್ನದು ಹಡಗಿನ ಕಚೇರಿಗೆ ಹೋಗಿರಬೇಕೆಂದು ಎಜ್ರಾ ಅಂದ. ನೆಲವನ್ನು ಹಂಚಲು ಬರುವುದಿಲ್ಲ, ಆದ್ದರಿಂದ ಇಡಿಯಾಗಿ ಹರಾಜು ಹಾಕಿ ದುಡ್ಡು ಹಂಚಬೇಕೆಂದು ಕಂಪನಿ ಕೋರ್ಟಿಗೆ ಹೋಗಿದೆ. ಒಂದು ಪಾಲು ಕೈಗೆ ಸಿಕ್ಕಿದವನೂ ಹಾಗೆ ಕೇಳಬಹುದಂತೆ, ಕಾನೂನು ಹಾಗಿದೆಯಂತೆ. ಹರಾಜಿನಲ್ಲಿ ಕೂಗುವವರು ಯಾರು? ಅವರೇ. ಡಿಸೆಂಬರ್ ಎರಡನೆಯ ಸೋಮವಾರ ವಿಚಾರಣೆ. ಬಡವರ ಪರವಾಗಿ ವಾದಿಸುವ ವಕೀಲೆಯೊಬ್ಬಳು ಸಿಕ್ಕಿದ್ದಾಳೆ. ನೋಡಲು ಇನ್ನೂ ಕಾಲೇಜಿಗೆ ಹೋಗುವವಳ ಹಾಗಿದ್ದಾಳೆ, ಆದರೆ ಮಾತು ಕತ್ತರಿ. ಅವಳು ಕೇಳಿದಳೆಂದು ನಾನು ಮತ್ತೆ ಹೇಲ್ಸ್‌ಫೋರ್ಡಿಗೆ ಹೋಗಿ ಎದುರಿನ ಕೋಣೆಯಲ್ಲಿ ಆ ಪುಸ್ತಕ ತೆಗೆಸಿ, ಆ ಪುಟದ ನಕಲು ಮಾಡಿಸಿಕೊಂಡು ಬಂದೆ. ಮಿಸ್ ಪ್ರೇಲೋ ದೂರದಿಂದಲೇ ನನ್ನ ಮುಖ ನೋಡಿ, ಏನೂ ಕೇಳದೆ ಒಂದು ಲೋಟ ನೀರು ತಂದಿಟ್ಟಳು. ಪಾಪದ ಹುಡುಗಿ, ಅವಳಲ್ಲಿ ಯಾವ ಮೋಸವೂ ಇರಲಿಲ್ಲ.

ಮೊನ್ನೆ ಬುಧವಾರ ಪ್ರಾರ್ಥನೆ ಮನೆಯಲ್ಲಿ ಊರವರೆಲ್ಲ ಸೇರಿದ್ದರು. ಎಜ್ರಾ ಎದ್ದು ನಿಂತು ಎಲ್ಲರೆದುರು ತನ್ನ ಕೆಲಸದ ವಿಷಯ ಹೇಳಿಕೊಂಡ. “ಅವರ ಹುಲ್ಲು ಕತ್ತರಿಸಿದೀನಿ, ಅವರ ಮಾತಿಗೆ ತಲೆ ಆಡಿಸಿಲ್ಲ” ಎಂದ. ಮಾರನೆಯ ದಿನ ಟ್ರಕ್ಕನ್ನು ಅವರ ಗೇಟಿನ ಮುಂದೆ ನಿಲ್ಲಿಸಿ ನಡೆದುಕೊಂಡು ಬಂದ. ನಾನು ಅವನಿಗೆ ಏಡಿ ಹಾಕಿ ಅನ್ನ ಮಾಡಿ ಬಡಿಸಿದೆ, ಬೇರೆ ಯಾವ ರೀತಿಯಲ್ಲಿ ಕ್ಷಮೆ ಕೇಳುವುದೆಂದು ತಿಳಿಯಲಿಲ್ಲ. ಈಗ ಮಿಂಗೋ ದ್ವೀಪದವರೆಲ್ಲ ತಮ್ಮ ತಮ್ಮ ನೆಲದ ಸಂಖ್ಯೆ ಹುಡುಕಿಸಿಕೊಳ್ಳಲು ನನ್ನ ಬಳಿ ಬರುತ್ತಿದ್ದಾರೆ. ಇಬ್ಬರ ಕಾರ್ಡುಗಳಲ್ಲಿ ಆಗಲೇ ವಿಳಾಸ ಬದಲಾಗಿದೆ. ಯಾರ ಮುಖದಲ್ಲೂ ಮೊದಲಿನ ನಗುವಿಲ್ಲ, ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಕಡೆಗಣ್ಣಿನಲ್ಲಿ ನೋಡುತ್ತಾರೆ. ಆ ಕಂಪನಿ ನೆಲ ತೆಗೆದುಕೊಳ್ಳುವ ಮೊದಲೇ ಇಷ್ಟನ್ನು ತೆಗೆದುಕೊಂಡಾಯಿತು.

ಹೊಟ್ಟೆ ತುಂಬ ಉಣ್ಣು, ಬೇರೆಯವರಿಗೆ ಬಡಿಸಿ ಉಳಿದದ್ದನ್ನು ನಿಂತುಕೊಂಡು ತಿನ್ನಬೇಡ. ಅತ್ತೆ ನಿನ್ನ ತಲೆ ಮೇಲೆ ಕೈಯಿಟ್ಟಿದ್ದಾಳೆಂದು ಬರೆ ಅಂದಳು, ಬರೆದಿದ್ದೇನೆ. ಎಜ್ರಾ ನಿನ್ನನ್ನು ಕೇಳಿದ. ಸಮುದ್ರ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಅಲ್ಥಿಯಾ

ತಾ.ಕ.: ಎಜ್ರಾ ಹೊರಗೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ಪುಸ್ತಕದಲ್ಲಿ ಇದ್ದದ್ದು ನಿನ್ನ ಹೆಸರು. ಏಪ್ರಿಲ್ ತಿಂಗಳು, ಸವಾನಾ ಬಂದರಿನಲ್ಲಿ ಬರೆದ ಕ್ರಯಪತ್ರ. ನಿನ್ನ ಹಡಗು ಅಷ್ಟು ಹತ್ತಿರ ಬಂದು ನಿಂತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಮನೆಯವರು ಕೇಳಿದಾಗ, ಹೆಸರು ರೂಫಸ್‌ದು ಆದರೆ ರುಜು ಅವನದಲ್ಲ, ಯಾರೋ ಕಳ್ಳ ರುಜು ಹಾಕಿದ್ದಾರೆ ಅಂದುಬಿಟ್ಟೆ. ಅತ್ತೆ ಕೈತಟ್ಟಿ ದೇವರನ್ನು ಹೊಗಳಿದಳು. ವಕೀಲೆ ಈಗ ಅದೊಂದನ್ನೇ ಹಿಡಿದಿದ್ದಾಳೆ: ರುಜು ಸುಳ್ಳಾದರೆ ಕಂಪನಿಗೆ ಪಾಲೇ ಇಲ್ಲ. ಅದನ್ನು ಹೇಳಲು ನನ್ನನ್ನೇ ಕಟಕಟೆ ಹತ್ತಿಸುತ್ತಾಳೆ. ನಿನ್ನ ಕೈಹಿಡಿದು ಅಕ್ಷರ ತಿದ್ದಿಸಿದವಳು ನಾನು. ಆ ರುಜು ಯಾರದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ತೆರಿಗೆ ಕಟ್ಟುವುದಕ್ಕೆಂದು ಸುಳ್ಳು ಹೇಳಿ ಬರೆಸಿಕೊಂಡರೋ, ಕುಡಿಸಿ ಬರೆಸಿಕೊಂಡರೋ, ನೀನೇ ಕೇಳಿಕೊಂಡು ಹೋದೆಯೋ, ಕಾಗದದಲ್ಲಿ ಬರೆಯಬೇಡ. ಮೋಸದಿಂದ ಬರೆಸಿಕೊಂಡಿದ್ದರೆ ಬರೆದುಕೊಟ್ಟವನೇ ಬಂದು ಹೇಳಬೇಕು, ಆಗ ಇನ್ನೊಂದು ದಾರಿ ಇದೆಯಂತೆ. ಬೇರೆ ಯಾರದೋ ವಿಷಯವೆಂಬಂತೆ ವಕೀಲೆಯನ್ನು ಕೇಳಿ ತಿಳಿದುಕೊಂಡಿದ್ದೇನೆ. ಆ ಸೋಮವಾರದೊಳಗೆ ಬಾ. ನೀನು ಬರದೆ ಹೋದರೆ ನಾನು ಬೈಬಲ್ ಮೇಲೆ ಕೈಯಿಟ್ಟು, ಇದು ನನ್ನ ತಮ್ಮನ ರುಜು ಅಲ್ಲ ಎಂದೇ ಹೇಳುತ್ತೇನೆ. ಹೇಳಿದ ಮೇಲೆ ಭಾನುವಾರ ಪ್ರಾರ್ಥನೆ ಮನೆಯಲ್ಲಿ ನನ್ನ ಪಾಠದ ಮಕ್ಕಳ ಮುಂದೆ ಅದೇ ಬೈಬಲ್ ತೆರೆದು ಓದಿಸಲು ನನ್ನಿಂದಾಗುವುದಿಲ್ಲ. ಬಾ ರೂಫಸ್.