ಒಂದು ಗುಟುಕು ಚಹಾ ಕೇಳಿದ ಸೈರಕಾನ್ ಅಜ್ಜಿ

ಅಮ್ಮಾ,

ಜೊತೆಯ ನರ್ಸುಗಳಿಬ್ಬರೂ ಕೆಲಸ ಬಿಟ್ಟರು. ಇವತ್ತು ಮೂವತ್ತೆಂಟು ರೋಗಿಗಳಿಗೆ ನಾನೊಬ್ಬಳೇ. ಸೊಂಟ ಮುರಿದು ಮಲಗಿರುವ ಸೈರಕಾನ್ ಅಜ್ಜಿ ಬೆಳಗಿನಿಂದ ಕೂಗುತ್ತಲೇ ಇದ್ದರು.

“ಬುರುಲ್, ಒಂದು ಗುಟುಕು ಚಹಾ ಕೊಡೇ ಮಗಳೇ.”

“ಬಾಯಿ ಮುಚ್ಕೊಂಡು ಬಿದ್ಕೋ ಮುದುಕಿ!” ಎಂದು ಕಿರುಚಿಬಿಟ್ಟೆ.

ಆಮೇಲೆ ಚಹಾ ತಂದೆ. ದಿಂಬು ಸರಿಪಡಿಸಲು ಕೈ ಎತ್ತಿದರೆ ಅಜ್ಜಿ ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದರು.

“ಹೊಡೀಬೇಡಮ್ಮ, ಇನ್ನು ಕೇಳಲ್ಲ.”

ಅಷ್ಟರಲ್ಲಿ ರಾಜಧಾನಿ ಬಿಷ್ಕೆಕ್‌ನಿಂದ ಅವರ ಮಗಳ ಫೋನ್ ಬಂತು. ಅಜ್ಜಿ ನನ್ನನ್ನೇ ನೋಡುತ್ತಾ ಹೇಳಿದರು: “ಇಲ್ಲಿ ಚೆನ್ನಾಗಿ ನೋಡ್ಕೋತಾರಮ್ಮ. ನೀನು ಬರೋದು ಬೇಡ.”

ಆಸ್ಪತ್ರೆಯಿಂದ ನೀನು ಕೊನೆಯ ಸಲ ಫೋನಿನಲ್ಲಿ ಮಾತಾಡಿದಾಗ ನೀನೂ ಇದನ್ನೇ ಹೇಳಿದ್ದೆ. ನಾನು ನಂಬಿದೆ, ಬರಲಿಲ್ಲ. ಅಮ್ಮಾ, ಆಗ ನಿನ್ನ ಮಂಚದ ಪಕ್ಕ ಯಾರು ನಿಂತಿದ್ದರು?